ಕುಂಕುಮ ಹಚ್ಚಿದ ಉಳಿ

ಆಯುಧಪೂಜೆಯ ಮರುದಿನ ಬಡಗಿಯ ಮನೆಯಲ್ಲಿ ಕೆಲಸ ಶುರುವಾಯಿತು. ಮೂರು ತಲೆಮಾರು ಕಂಡಿದ್ದ ಸುತ್ತಿಗೆಯಜ್ಜ ಹೊಸ ಉಳಿಯ ತಲೆಗೆ ಮೆಲ್ಲಗೆ ಒಂದೇಟು ಹಾಕಿದ. ಅಷ್ಟಕ್ಕೇ ಉಳಿಯ ಅಲಗು ಹಪ್ಪಳದಂತೆ ಮುರಿದು ಬಿತ್ತು. ಅಜ್ಜ ದಂಗಾಗಿಹೋದ.

"ಗಾಬರಿಯಾಗಬೇಡಿ ಅಜ್ಜಾ, ನನಗೆ ಹತ್ತು ವರ್ಷದ ಗ್ಯಾರಂಟಿ ಇದೆ," ಎಂದು ಉಳಿ ನೋವಿನಲ್ಲೂ ಹೆಮ್ಮೆಯಿಂದ ಹೇಳಿತು.

ಅಜ್ಜ ಅದನ್ನು ಹೊತ್ತುಕೊಂಡು, ಅದನ್ನು ತಯಾರಿಸಿದ ಕಂಪನಿಯ ಕಚೇರಿಗೆ ಹೋದ. ಅಲ್ಲಿ ಮೇಜಿನ ಮೇಲೆ ರಬ್ಬರು ಮೊಹರು ಗತ್ತಿನಿಂದ ಕುಳಿತಿತ್ತು. ಅದು ಮುರಿದ ಅಲಗಿನ ಕಡೆ ತಿರುಗಿಯೂ ನೋಡಲಿಲ್ಲ; ಹಿಡಿಯನ್ನೇ ದಿಟ್ಟಿಸಿತು.

"ಇದೇನಿದು ಕೆಂಪಗೆ?"

"ಕುಂಕುಮ ಸ್ವಾಮಿ. ನಿನ್ನೆ ಪೂಜೆ ಮಾಡಿದರು," ಎಂದ ಅಜ್ಜ.

"ಹೊರಗಿನ ಪದಾರ್ಥ ತಗುಲಿದ ಉಪಕರಣಕ್ಕೆ ಗ್ಯಾರಂಟಿ ಇಲ್ಲ. ಅದು ನಿಯಮ."

ಅಜ್ಜನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಕುಂಕುಮ ಹಚ್ಚಿದರೆ ಉಕ್ಕು ಮುರಿಯುತ್ತದೆಯೇ? ನನಗೆ ಎಪ್ಪತ್ತು ವರ್ಷದಿಂದ ಹಚ್ಚುತ್ತಿದ್ದಾರಲ್ಲ ಸ್ವಾಮಿ!"

"ಅರ್ಜಿ ತಿರಸ್ಕೃತ!" ಎಂದು ಗದರಿ ಮೊಹರು ಕಾಗದದ ಮೇಲೆ ಧೊಪ್ಪನೆ ಬಿತ್ತು. ಬಿದ್ದ ರಭಸಕ್ಕೆ ಅದರ ಹಿಡಿಯೇ ಲಟಕ್ಕನೆ ಮುರಿದು ನೆಲಕ್ಕೆ ಉರುಳಿತು.

"ಅಯ್ಯಯ್ಯೋ! ಮೊನ್ನೆಯಷ್ಟೇ ನಮ್ಮ ಕಾರ್ಖಾನೆಯಿಂದ ಬಂದಿದ್ದೇನೆ! ನನಗೆ ಗ್ಯಾರಂಟಿ ಇದೆ, ಯಾರಾದರೂ ಬನ್ನಿ!" ಎಂದು ಮೊಹರು ಬಾಯಿ ಬಡಿದುಕೊಂಡಿತು.

ಅಜ್ಜ ಬಗ್ಗಿ ಆ ಹಿಡಿಯನ್ನು ಎತ್ತಿದ, ತಿರುಗಿಸಿ ನೋಡಿದ. ಅದರ ನೆತ್ತಿಯ ಮೇಲೆ, ಕಚೇರಿಯ ಪೂಜೆಯಲ್ಲಿ ಇಟ್ಟ ಕುಂಕುಮದ ಬೊಟ್ಟು ಕೆಂಪಗೆ ಹೊಳೆಯುತ್ತಿತ್ತು.