ತಿಮಿಂಗಿಲವನ್ನು ಮೀನೆಂದ ಪಂಡಿತ

ರಾಜರಿಗೆ ಕೆಲಸ ಕಡಿಮೆ ಇದ್ದ ಕಾಲದಲ್ಲಿ, ಕಡಲ ದಂಡೆಯ ಮೇಲೆ ಒಂದು ಊರಿತ್ತಂತೆ. ಅಲ್ಲಿ ಮಾಬಲಯ್ಯ ಎಂಬ ಆಸ್ಥಾನ ಪಂಡಿತ. ಯಾವ ಪ್ರಾಣಿ ಯಾವ ಜಾತಿ ಎಂದು ಹೇಳುವುದು ಅವನ ಕೆಲಸ. ಪ್ರಾಣಿಗಳು ಯಾವುವೂ ತಕರಾರು ಮಾಡದ ಕಾರಣ ಮಹಾಪಂಡಿತ ಎನಿಸಿಕೊಂಡಿದ್ದನಂತೆ.

ಒಂದು ಬೆಳಿಗ್ಗೆ ನೀರು ಇಳಿದಾಗ ದೊಡ್ಡದೊಂದು ತಿಮಿಂಗಿಲ ಮರಳಿನಲ್ಲಿ ಸಿಕ್ಕಿಕೊಂಡಿತು. ಅರ್ಧ ಮೈ ನೀರಲ್ಲಿ, ಅರ್ಧ ಮೈ ಮರಳಲ್ಲಿ, ಪಕ್ಕದಲ್ಲೇ ಮರಿ. ಎಣ್ಣೆ ತೆಗೆಯೋಣವೆಂದು ಜನ ಕತ್ತಿ, ಕೊಡಲಿ, ಕೊಪ್ಪರಿಗೆ ತಂದರು. ಆದರೆ ಊರಲ್ಲೊಂದು ಕಟ್ಟಳೆ: ಮರಿಗೆ ಹಾಲೂಡುವ ತಾಯಿಯ ಮೇಲೆ ಕತ್ತಿ ಎತ್ತಬಾರದು. ಮೀನಿಗೆ ಆ ಕಟ್ಟಳೆ ಇಲ್ಲ. ಇದು ಮೀನೋ ಅಲ್ಲವೋ ಎಂದು ರಾಜ ಕೇಳಿದ.

ಮಾಬಲಯ್ಯ ಮಡಿಯಲ್ಲಿದ್ದ. ಹತ್ತಿರ ಹೋದರೆ ಪಂಚೆ ಒದ್ದೆ. ದಿಬ್ಬದ ಮೇಲೆ ನಿಂತೇ, ನೀರಲ್ಲಿದೆ, ಕಾಲಿಲ್ಲ, ಮೀನು ಎಂದುಬಿಟ್ಟ. ಜನ ಕತ್ತಿ ಮಸೆಯತೊಡಗಿದರು.

ಆಗ ತಿಮಿಂಗಿಲ ಅವನನ್ನು ಕರೆಯಿತಂತೆ. ತಿಮಿಂಗಿಲ ಮಾತಾಡುತ್ತದೆಯೇ ಎಂದು ಕೇಳಬೇಡಿ. ಹೇಳಿದವನು ಮಾಬಲಯ್ಯ, ಅವನ ಉಳಿದ ಮಾತನ್ನು ಎಷ್ಟು ನಂಬುತ್ತೀರೋ ಇದನ್ನೂ ಅಷ್ಟೇ ನಂಬಿ.

"ಅಯ್ಯಾ, ಮರಿಗೆ ಇನ್ನೊಂದು ಸಲ ಹಾಲು ಕೊಡ್ತೀನಿ. ಆಮೇಲೆ ಕೊಯ್ಯಲಿ."

ಮೀನಿಗೆಲ್ಲಿಯ ಹಾಲು? ಮಾಬಲಯ್ಯ ಪಂಚೆ ಎತ್ತಿ ಕಟ್ಟಿ ಇಳಿದ. ತಿಮಿಂಗಿಲದ ನೆತ್ತಿಯಿಂದ ಬಿಸಿ ಉಸಿರು ಬಂದು ಅವನ ಮುಖಕ್ಕೆ ರಾಚಿತು. ಮರಿಯ ಬಾಯಿಯ ಸುತ್ತ ನೀರು ಬೆಳ್ಳಗಾಗಿತ್ತು.

ಆ ಆಸ್ಥಾನದಲ್ಲಿ ಮಾತು ಹಿಂತೆಗೆದುಕೊಳ್ಳುವ ಪಂಡಿತ ಶಾಲು ಕಳಚಿಟ್ಟು, ನಾನು ದಡ್ಡ ಎಂದು ಮೂರು ಸಲ ಕೂಗಬೇಕಿತ್ತು. ಅದುವರೆಗೆ ಯಾರೂ ಕೂಗಿರಲಿಲ್ಲ. ಹಾಗಾಗಿ ಅಲ್ಲಿ ಯಾರೂ ತಪ್ಪು ಮಾಡಿರಲಿಲ್ಲ. ಮಾಬಲಯ್ಯ ಕೂಗಿದ. ಮೂರನೆಯ ಸಲಕ್ಕೆ ಅವನಿಗೇ ಮನವರಿಕೆಯಾಯಿತು.

ಇದು ಮೀನಲ್ಲವೆಂದು ರಾಜನಿಗೆ ಮಾತ್ರ ಮನವರಿಕೆಯಾಗಲಿಲ್ಲ. ಅರಮನೆಯಲ್ಲಿ ಹೊಸದಾಗಿ ಮರಿ ಹಾಕಿದ್ದ ಹುಲ್ಲೆಯನ್ನು ದಂಡೆಗೆ ತರಿಸಿ, ಹಾಲೂಡುವ ತಾಯಿ ಎಂದರೆ ಇದು, ಆ ಗುಡ್ಡ ಇದಕ್ಕೆ ಹೇಗೆ ಸಮ ಎಂದ. ಎರಡರ ಮೈಯೂ ಬಿಸಿ, ಎರಡೂ ಗಾಳಿಯನ್ನೇ ಉಸಿರಾಡುತ್ತವೆ, ಎರಡೂ ಮರಿ ಹೆತ್ತು ಮೊಲೆಯೂಡುತ್ತವೆ ಎಂದು ಪಂಡಿತ ತೋರಿಸಿಕೊಟ್ಟ. ಹುಲ್ಲೆಗೆ ಮೈತುಂಬ ಕೂದಲು. ತಿಮಿಂಗಿಲಕ್ಕೆ ಮೂತಿಯ ಮೇಲೆ ಕೆಲವೇ ಕೆಲವು, ತನ್ನ ತಲೆಯಲ್ಲಿ ಉಳಿದಿರುವಷ್ಟು ಎಂದ.

"ಕಾಲು?" ಎಂದ ರಾಜ.

"ಅದಕ್ಕಿಲ್ಲ, ಪ್ರಭು. ನನಗೆ ಎರಡಿವೆ. ಆದರೂ ಬೆಳಿಗ್ಗೆ ಅದರ ಹತ್ತಿರ ಹೋಗಲಿಲ್ಲ."

ರಾಜ ನಕ್ಕ. ಕತ್ತಿಗಳು ಕೆಳಗಿಳಿದವು. ಸಂಜೆ ನೀರು ಏರಿದಾಗ ಜನವೆಲ್ಲ ಸೇರಿ ನೂಕಿದರು. ತಾಯಿ ಮುಂದೆ, ಮರಿ ಹಿಂದೆ, ಕಡಲಿಗೆ ಹೋದವು. ಪಂಡಿತನ ಕಡೆ ತಿರುಗಿಯೂ ನೋಡಲಿಲ್ಲವಂತೆ.

ಮನೆಯ ಹೊಸ್ತಿಲಲ್ಲಿ ಹೆಂಡತಿ ಭಾಗೀರಥಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಇದೇನು ಮೀನಿನ ನಾತ ಎಂದಳು.

"ಮೀನಲ್ಲ ಕಣೇ. ನಮ್ಮ ಹಸುವಿನ ಹಾಗೆ, ಹಾಲು ಕೊಡೋ ಪ್ರಾಣಿ."

"ಹಾಗಾದ್ರೆ ಕೊಟ್ಟಿಗೆಯಲ್ಲೇ ಮಲಗಿ."

ಮಲಗಿದ. ಹಸುವೂ ಮೂತಿ ತಿರುಗಿಸಿಕೊಂಡಿತಂತೆ.

ತಿಮಿಂಗಿಲ ಕಡಲಲ್ಲಿ, ಹುಲ್ಲೆ ಹುಲ್ಲಲ್ಲಿ, ಪಂಡಿತ ಕೊಟ್ಟಿಗೆಯಲ್ಲಿ, ನಾವು ನೀವು ಇಲ್ಲಿ.