ತೊಗರಿ ಒಂಟಿಯಾಗಿ ಮನೆಯಲ್ಲಿ ಇದ್ದದ್ದು

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಹೊನ್ನೇರಿ ಅಂತ ಒಂದು ರಾಜ್ಯ. ಅಲ್ಲಿ ಅರಮನೆಯ ಹಿಂದಿನ ಬೀದಿಯಲ್ಲಿ ಚಿಕ್ಕತಾಯಿ ಅನ್ನೋ ಸೂಲಗಿತ್ತಿ ಇದ್ದಳು. ಅವಳ ಜೊತೆಗಿದ್ದದ್ದು ಒಂದೇ ಜೀವ, ತೊಗರಿಬೇಳೆ ಬಣ್ಣದ ನಾಯಿ. ಅದರ ಹೆಸರೂ ತೊಗರಿ.

ತೊಗರಿಯನ್ನು ಸಾಕಿದವನು ಚಿಕ್ಕತಾಯಿಯ ಗಂಡ. ಅವನು ಅಂಬಿಗ. ಒಂದು ಬೆಳಿಗ್ಗೆ ನಾಯಿ ಮಲಗಿದ್ದಾಗಲೇ ಎದ್ದು ಹೋಗಿ ದೋಣಿ ಹತ್ತಿದ. ಹೊಳೆ ತುಂಬಿತ್ತು. ಅವನು ಮರಳಲಿಲ್ಲ.

ಅಂದಿನಿಂದ ಮನೆಯಲ್ಲಿ ಒಂಟಿಯಾಗಿರೋದು ಅಂದರೆ ತೊಗರಿಗೆ ಜೀವ ಹೋದ ಹಾಗೆ. ಬಾಗಿಲು ಕೆರೆಯೋದು. ಜೊಲ್ಲು ಸುರಿಸೋದು. ಊಳಿಡೋದು.

ಆ ರಾಜ್ಯದ ಸೂಲಗಿತ್ತಿಯರಿಗೆ ಒಂದು ಪದ್ಧತಿ. ಹೆರಿಗೆಗೆ ಹೋಗುವಾಗ ಯಾರಿಗೂ ಹೇಳಬಾರದು, ಹಿತ್ತಲ ಬಾಗಿಲಿಂದ ಸದ್ದಿಲ್ಲದೆ ಹೋಗಬೇಕು. ಹೇಳಿದರೆ ಕೂಸಿಗೆ ದೃಷ್ಟಿಯಾಗುತ್ತೆ ಅಂತ. ಹಾಗಾಗಿ ಚಿಕ್ಕತಾಯಿ ತೊಗರಿ ನಿದ್ದೆ ಹೋಗೋದನ್ನೇ ಕಾದು, ಮೆಲ್ಲಗೆ ಜಾರಿಕೊಳ್ಳೋಳು. ತೊಗರಿ ಕಣ್ಣು ಬಿಟ್ಟರೆ ಮನೆ ಖಾಲಿ. ಕೊನೆಗೆ ಅದು ನಿದ್ದೆ ಮಾಡೋದನ್ನೇ ಬಿಟ್ಟಿತು.

ಪಕ್ಕದ ಮನೆಯಲ್ಲಿ ಅರಮನೆಯ ಕಹಳೆ ಊದುವ ಬೋರಣ್ಣ ಇದ್ದ. ಚಿಕ್ಕತಾಯಿಯ ಹಿತ್ತಲಲ್ಲಿ ಕೊಟ್ಟಿಗೆ ಕಟ್ಟಬೇಕು ಅಂತ ಅವನಿಗೆ ಆಸೆ. ಅವನು ರಾಜನ ಹತ್ತಿರ ಹೋದ.

"ಮಹಾಪ್ರಭು, ಸೊಸೆಯಮ್ಮನವರಿಗೆ ದಿನ ತುಂಬ್ತಾ ಬಂದಿದೆ. ಅರಮನೆ ಹಿಂದೆಯೇ ನಾಯಿ ಊಳಿಡ್ತಿದೆ. ಅಪಶಕುನ ಅಲ್ವಾ?"

ರಾಜನಿಗೆ ಅದು ಮೊದಲ ಮೊಮ್ಮಗು. ಅವನೂ ಹೆದರಿದ. "ಹೆರಿಗೆಯ ದಿನ ಆ ನಾಯಿ ಊಳಿಟ್ಟರೆ ಹೊಳೆಯಾಚೆಯ ಕಾಡಿಗೆ ಬಿಟ್ಟುಬನ್ನಿ" ಅಂತ ಅಪ್ಪಣೆ ಕೊಟ್ಟ.

ಬೋರಣ್ಣ ಗೋಡೆಯ ಮೇಲಿಂದ ಇಣುಕಿದ. "ಚಿಕ್ಕತಾಯಕ್ಕ, ಹೆರಿಗೆ ದಿನ ಊಳಿಟ್ಟರೆ ನಿನ್ನ ನಾಯೀನ ಕಾಡಿಗೆ ಬಿಡಬೇಕಂತೆ, ರಾಜರ ಅಪ್ಪಣೆ. ನಾಯಿ ಹೋದರೆ ನೀನೂ ಅದರ ಹಿಂದೆಯೇ ಹೋಗ್ತೀಯ, ನಂಗೊತ್ತು. ಹಿತ್ತಲ ಚಿಂತೆ ಬಿಡು, ನಾನು ನೋಡ್ಕೋತೀನಿ."

"ನಿನ್ನ ಕಹಳೆ ಕೇಳಿ ಬೀದಿಯ ಹಸುಗಳೇ ಹಾಲು ಕೊಡೋದು ಬಿಟ್ಟಿವೆ. ನಿಂಗ್ಯಾಕಪ್ಪಾ ಕೊಟ್ಟಿಗೆ?"

ಮಾತೇನೋ ಜೋರಾಗಿತ್ತು. ಒಳಗೆ ಬಂದವಳೇ ಬಾಗಿಲು ಹಾಕಿಕೊಂಡಳು. ತೊಗರಿಯ ಪಕ್ಕ ಕೂತಳು. "ಅವರೂ ನೀನು ಮಲಗಿದ್ದಾಗಲೇ ಹೋದರು. ನಾನೂ ಹಾಗೇ ಹೋಗ್ತಿದೀನಿ. ವಾಪಸ್ ಬರ್ತೀನಿ ಅಂತ ನೀನು ಹೇಗೆ ನಂಬ್ತೀಯೇ?"

ಮಾರನೆಯ ದಿನ ಅವಳು ಪದ್ಧತಿ ಮುರಿದಳು. ತೊಗರಿ ಎದ್ದಿದ್ದಾಗಲೇ ಮುಂಬಾಗಿಲಿಗೆ ಬಂದಳು. ತನ್ನ ಹಳೇ ಸೀರೆ ಹಾಸಿದಳು. ರಾಗಿಮುದ್ದೆ ಮೆತ್ತಿದ ತೆಂಗಿನ ಚಿಪ್ಪನ್ನು ಅದರ ಮೇಲಿಟ್ಟಳು. "ಹೋಗಿ ಬರ್ತೀನಿ ತೊಗರಿ" ಅಂದು ಹೊಸ್ತಿಲು ದಾಟಿದಳು. ನಾಯಿ ಕುಂಯ್ ಅನ್ನೋ ಮುಂಚೆಯೇ "ಬಂದೆ ತೊಗರಿ" ಅಂತ ಒಳಗೆ ಬಂದಳು. ಮುದ್ದಾಡಲಿಲ್ಲ, ಗದ್ದಲ ಮಾಡಲಿಲ್ಲ.

ಹೊಸ್ತಿಲು ಅಭ್ಯಾಸವಾಯಿತು. ಹೋಗಿ ಬರ್ತೀನಿ ಅಂದು ಬಾವಿಗೆ ಹೋದಳು, ಬಂದೆ ಅಂದಳು. ಬಾವಿಯೂ ಅಭ್ಯಾಸವಾಯಿತು. ಹೋಗಿ ಬರ್ತೀನಿ ಅಂದು ಬೀದಿಯ ತುದಿಗೆ ಹೋದಳು, ಬಂದೆ ಅಂದಳು.

ದಿನ ಕಡಿಮೆ ಉಳಿದಿತ್ತು. ಅವಸರ ಬಿದ್ದು ಒಮ್ಮೆ ಸಂತೆಗೇ ಹೋಗಿಬಿಟ್ಟಳು. ಬಂದು ನೋಡಿದರೆ ಬಾಗಿಲ ಹಲಗೆಯ ಮೇಲೆ ರಕ್ತ. ತೊಗರಿಯ ಉಗುರು ಸೀಳಿತ್ತು. ಚಿಕ್ಕತಾಯಿ ಅತ್ತಳು. ಉಗುರಿಗೆ ಅರಿಶಿನ ಹಚ್ಚಿದಳು. ಮತ್ತೆ ಹೊಸ್ತಿಲಿಂದಲೇ ಶುರು ಮಾಡಿದಳು.

ಬೀದಿಯ ತುದಿ ಮತ್ತೆ ಅಭ್ಯಾಸವಾಗುವಷ್ಟರಲ್ಲಿ ಅರಮನೆಯಿಂದ ಕರೆ ಬಂತು. ಹೆರಿಗೆ ಮುಗಿಯುವಷ್ಟು ಹೊತ್ತಿನ ಅಭ್ಯಾಸ ತೊಗರಿಗೆ ಇನ್ನೂ ಆಗಿರಲಿಲ್ಲ.

"ಹೋಗಿ ಬರ್ತೀನಿ ತೊಗರಿ."

"ನಾಯಿಗೆ ಹೇಳ್ತಾ ನಿಂತ್ಯಲ್ಲಮ್ಮಾ! ಬೇಗ ಬಾ!" ಅಂತ ಆಳು ಕೂಗಿದ.

ಅರಮನೆಯಲ್ಲಿ ಅವಳ ಕೈ ಕೆಲಸದ ಮೇಲಿತ್ತು, ಕಿವಿ ಕಿಟಕಿಯ ಕಡೆಗಿತ್ತು. ಸದ್ದಿಲ್ಲ. ಮತ್ತೂ ಸದ್ದಿಲ್ಲ. ಕೂಸು ಹುಟ್ಟಿ ಅತ್ತಿತು. ಆಗಲೇ ಹಿಂದಿನ ಬೀದಿಯಿಂದ ಕೇಳಿಸಿತು: "ಊಊಊಊ..."

ಚಿಕ್ಕತಾಯಿ ಬಾಣಂತಿಯನ್ನೂ ಕೂಸನ್ನೂ ದಾದಿಯರಿಗೆ ಒಪ್ಪಿಸಿ ಓಡಿದಳು. ರಾಜ ಆಗಲೇ ಭಟರೊಂದಿಗೆ ಅವಳ ಮನೆಯ ಮುಂದೆ ನಿಂತಿದ್ದ. ಊಳು ನಿಂತಿರಲಿಲ್ಲ. ಉದ್ದನೆಯ ಊಳು, ಉಸಿರೇ ಕಡಿಯದ ಊಳು. ಚಿಕ್ಕತಾಯಿ ಕಿವಿಗೊಟ್ಟಳು. ತೊಗರಿಗೆ ಎಲ್ಲಿಂದ ಬರಬೇಕು ಅಷ್ಟು ಉಸಿರು?

"ಮಹಾಪ್ರಭು, ನನ್ನ ದನಿ ಕೇಳಿದರೆ ತೊಗರಿ ಊಳಿಡೋದು ನಿಲ್ಲಿಸ್ತಾಳೆ. ಒಂದು ಸಲ ಕರೀಲಾ?"

ರಾಜ ತಲೆಯಾಡಿಸಿದ.

"ಬಂದೆ ತೊಗರಿ!"

ಬಾಗಿಲ ಹಿಂದೆ ಹಲಗೆಗೆ ಬಾಲ ಬಡಿಯಿತು. ಟಪ್, ಟಪ್, ಟಪ್. ಊಳು ಮಾತ್ರ ನಿಲ್ಲಲಿಲ್ಲ.

ಭಟನೊಬ್ಬ ಪಕ್ಕದ ಗೋಡೆಯ ಮೇಲೆ ಹತ್ತಿ ಇಣುಕಿದ. "ಬೋರಣ್ಣ, ಸಾಕು ನಿಲ್ಸಯ್ಯಾ! ಮಹಾಪ್ರಭುಗಳು ಬಂದಿದಾರೆ!"

ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣು ಮುಚ್ಚಿ ಊಳಿಡುತ್ತಿದ್ದ ಬೋರಣ್ಣ ಬೆಚ್ಚಿಬಿದ್ದ. ಇತ್ತ ಬಾಗಿಲು ತೆರೆದರೆ, ಹಳೇ ಸೀರೆಯ ಮೇಲೆ ನೆಕ್ಕಿ ಬರಿದಾದ ಚಿಪ್ಪು, ಅದರ ಪಕ್ಕದಲ್ಲಿ ತೊಗರಿ.

"ಊಳಿಟ್ಟವರಿಗೆ ಹೊಳೆಯಾಚೆಯ ಕಾಡು ಅಂದಿದ್ದೆ" ಅಂದ ರಾಜ. "ಮಾತು ತಪ್ಪಲ್ಲ. ಬೋರಣ್ಣ, ನಾಳೆಯಿಂದ ಆ ಕಾಡಿನ ಠಾಣೆಯಲ್ಲಿ ನಿನ್ನ ಕಹಳೆ."

ಅಂದಿನಿಂದ ಹೊನ್ನೇರಿಯ ಸೂಲಗಿತ್ತಿಯರು ಮನೆಯಲ್ಲಿ ಹೇಳಿಯೇ ಹೊರಡುತ್ತಾರೆ.

ನೀತಿ ಇಷ್ಟೇ ಮಕ್ಕಳೇ: ಹೆದರಿದ ಜೀವವನ್ನು ಕದ್ದು ಬಿಟ್ಟುಹೋಗಬಾರದು. ಹೇಳಿ ಹೋಗಬೇಕು, ಹೇಳಿದ ಹಾಗೆ ಬರಬೇಕು. ಎಷ್ಟು ಸಲ ಬಂದರೆ ಅದರ ಭಯ ಕರಗುತ್ತೋ ಅಷ್ಟು ಸಲ ಬರಬೇಕು. ಪರರ ಭಯವನ್ನು ತನ್ನ ಲಾಭಕ್ಕೆ ಬಳಸಿಕೊಂಡವನು ಅದೇ ಭಯದ ಬಾಯಿಗೆ ಬೀಳುತ್ತಾನೆ.

ಕಥೆ ಆಯಿತು, ಏಳಿ. ಹೊರಡುವಾಗ ನನಗೂ ಒಂದು ಮಾತು ಹೇಳಿ ಹೋಗಿ.