ಮುಳುಗುವ ಬಟ್ಟಲು, ತಡವಾಗಿ ಬರುವ ಮಾತು

"ಕೇಳ್ರಪ್ಪೋ ಕೇಳಿ! ದೊರೆಮಗಳು ಹೊನ್ನಾದೇವಿಯವರು ಮೂರು ಒಗಟು ಕೇಳುತ್ತಾರೆ. ಗಳಿಗೆ ಬಟ್ಟಲು ಮುಳುಗುವುದರೊಳಗೆ ಮೂರನ್ನೂ ಒಡೆದವನಿಗೆ ದೊರೆಮಗಳು, ಜೊತೆಗೆ ಅರ್ಧ ರಾಜ್ಯ. ತಪ್ಪಿದವನಿಗೆ ತಲೆದಂಡ. ಅರಮನೆ ಬಾಗಿಲ ನಗಾರಿ ಬಾರಿಸಿದವನು ಹಿಂದೆ ಸರಿಯುವ ಹಾಗಿಲ್ಲ!" ಎಂದು ಹೊಸಗಿರಿಯ ಬೀದಿಬೀದಿಯಲ್ಲಿ ಡಂಗುರ ಹೊಡೆಸಿದರು.

ಗಳಿಗೆ ಬಟ್ಟಲೆಂದರೆ ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು. ನೀರಿನ ಕೊಪ್ಪರಿಗೆಯಲ್ಲಿ ತೇಲಿಬಿಟ್ಟರೆ ಮೆಲ್ಲಗೆ ತುಂಬಿ ಮುಳುಗುತ್ತದೆ. ಅದನ್ನೇ ನೋಡುತ್ತ ಕೂತವನ ಬುದ್ಧಿ ನೆಟ್ಟಗಿದ್ದೀತೇ? ಪಾಳೆಯಗಾರನ ಮಗನೊಬ್ಬ ಮೊದಲ ಒಗಟಿಗೇ "ದೋಣಿ" ಎಂದು ಒದರಿ ತಲೆ ಕಳೆದುಕೊಂಡ. ಪಂಡಿತರ ಮಗ "ತೂತು ಬಿಂದಿಗೆ" ಎಂದ. ಅವನಿಗೂ ಅದೇ ಗತಿಯಾಯಿತು.

ಆ ಊರಲ್ಲಿ ಕೋಟೆ ಗೋಡೆ ಕಟ್ಟುವ ಅಣ್ಣತಮ್ಮಂದಿರಿದ್ದರು, ಬೀರಣ್ಣ ಮತ್ತು ಜಕ್ಕ. ಕೇಳುವವರ ಮಾತು ಮುಗಿಯುವ ಮೊದಲೇ ಉತ್ತರ ಕೊಡುತ್ತಿದ್ದ ಜಕ್ಕ, ಗೋಡೆಯ ಮೇಲಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ನಿಧಾನವಾದ. ಬುದ್ಧಿ ಹೋಗಿರಲಿಲ್ಲ ಕಣ್ರೀ, ಬರೋದು ತಡವಾಗುತ್ತಿತ್ತು ಅಷ್ಟೇ. ಅವನೆದುರು ಇಬ್ಬರು ಒಟ್ಟಿಗೆ ಮಾತಾಡಿದರೆ ಎರಡು ಮಾತೂ ಕಲಸಿಹೋಗುತ್ತಿದ್ದವು. ಊರವರು ಪೆದ್ದ ಎಂದರು. ಅವರ ಬಾಯಿಗಿಷ್ಟು ಮಣ್ಣು ಹಾಕ!

ಅವ್ವ ಜಕ್ಕನ ಮುದ್ದೆಗೆ ತುಪ್ಪ ಬಿಟ್ಟಾಗಲೆಲ್ಲ ಬೀರಣ್ಣನ ಹೊಟ್ಟೆ ಉರಿಯುತ್ತಿತ್ತು. "ದುಡಿಯೋನಿಗೆ ಬರೀ ಸಾರು, ಬಿದ್ದೋನಿಗೆ ತುಪ್ಪ!" ಎಂದು ಹಲ್ಲು ಕಡಿಯುತ್ತಿದ್ದ. ಒಂದು ದಿನ ತಮ್ಮನನ್ನು ಅರಮನೆ ಬಾಗಿಲಿಗೆ ಕರೆದೊಯ್ದು ಕೈಗೆ ಕೋಲು ಕೊಟ್ಟ. "ಬಾರಿಸೋ ಬೇಗ, ಬೇಗ!" ಇದು ಆ ನಗಾರಿಯಲ್ಲವೇ ಎಂದು ಜಕ್ಕನಿಗೆ ಹೊಳೆಯುವಷ್ಟರಲ್ಲಿ ಬಾರಿಸಿ ಆಗಿತ್ತು. ಕಾವಲಿನವರು ಹಿಡಿದು ಒಳಗೆ ದೊರೆಯ ಸಭೆಗೆ ಒಯ್ದರು. ತಮಾಷೆ ನೋಡಲು ಬೀರಣ್ಣನೂ ಹಿಂದೆಯೇ ಹೋದ.

"ಅಮ್ಮಣ್ಣಿಯವರೇ, ನನ್ನ ತಲೆಗೆ ಪೆಟ್ಟಾಗಿದೆ. ಒಂದೊಂದೇ ಕೇಳಿ. ಮಿಕ್ಕವರು ಸುಮ್ಮನಿದ್ದರೆ ಸಾಕು" ಎಂದ ಜಕ್ಕ. ಹೊನ್ನಾದೇವಿ ಬಟ್ಟಲು ತೇಲಿಬಿಟ್ಟಳು.

"ತೂತಿರುವುದರಿಂದಲೇ ಅದಕ್ಕೆ ಬೆಲೆ. ಹೊಟ್ಟೆ ತುಂಬಿದೊಡನೆ ಅದರ ಕೆಲಸ ಮುಗಿಯುತ್ತದೆ. ಏನದು?"

"ಹೇಳೋ, ಮುಳುಗ್ತಾ ಇದೆ!" ಎಂದು ಬೀರಣ್ಣ ಕೂಗಿದ. ಹೊನ್ನಾದೇವಿ ಬೆರಳೆತ್ತಿ ಸುಮ್ಮನಿರಿಸಿದಳು. ಜಕ್ಕ ಬಹಳ ಹೊತ್ತು ಕೂತು, "ಎಲ್ಲರೂ ಹೆದರಿ ನೋಡ್ತಿದ್ದಾರಲ್ಲ, ಆ ಬಟ್ಟಲೇ" ಎಂದ.

"ಕೈ ಹಾಕಿ ಹುಡುಕಿದರೆ ಒಳಗಿರುವುದನ್ನು ಬಚ್ಚಿಡುತ್ತದೆ, ಸುಮ್ಮನೆ ಬಿಟ್ಟರೆ ತಾನೇ ತೋರಿಸುತ್ತದೆ. ಏನದು?"

ಬಟ್ಟಲು ಅರ್ಧಕ್ಕಿಂತ ಹೆಚ್ಚು ತುಂಬಿತ್ತು. "ಕದಡಿದ ನೀರು, ಅಮ್ಮಣ್ಣಿಯವರೇ. ಬಿದ್ದ ಮೇಲೆ ನನ್ನ ತಲೆಯೂ ಹಾಗೇ ಆಗಿದೆ. ಅವಸರ ಮಾಡಿದರೆ ಏನೂ ಕಾಣದು."

ಸಭೆ ತಲೆದೂಗಿತು. ದೊರೆಮಗಳ ಕಣ್ಣಲ್ಲಿ ಮೆಚ್ಚಿಗೆ ಕಂಡು ಬೀರಣ್ಣನ ಮೈಯೆಲ್ಲ ಉರಿಯಿತು.

"ಬೇರಿಲ್ಲದೆ ಹಬ್ಬುತ್ತದೆ, ನೀರಿಲ್ಲದೆ ಚಿಗುರುತ್ತದೆ. ನೆಟ್ಟವನನ್ನೇ ಮೊದಲು ತಿನ್ನುತ್ತದೆ. ಏನದು?"

ಜಕ್ಕ ಕಣ್ಣು ಮುಚ್ಚಿದ. ದಣಿದು ಹಣೆ ಬೆವರಿತ್ತು. ಬಟ್ಟಲಿನ ಅಂಚು ನೀರಿಗೆ ಸಮವಾಗುತ್ತಿತ್ತು. ಇನ್ನೊಂದು ಚಣ ಬೀರಣ್ಣ ಸುಮ್ಮನಿದ್ದಿದ್ದರೆ ತಮ್ಮನ ತಲೆ ತಾನೇ ಹೋಗುತ್ತಿತ್ತು. ಆದರೆ ತಡೆಯಲಾಗಬೇಕಲ್ಲ! "ಈ ಪೆದ್ದನಿಗೆ ಅರ್ಧ ರಾಜ್ಯವಾ? ಮನೇಲಿ ತುಪ್ಪ ತಿಂದಿದ್ದು ಸಾಲದಾ? ತಲೆ ತೆಗೀರಿ ಇವನ್ದು!" ಎಂದು ಕಿರುಚಿದ.

ಜಕ್ಕ ಕಣ್ಣು ತೆರೆದು ಅಣ್ಣನ ಮುಖ ನೋಡಿದ.

"ಹೊಟ್ಟೆಕಿಚ್ಚು" ಎಂದ. ಬಟ್ಟಲು ಗುಳುಕ್ಕೆಂದು ಮುಳುಗಿತು.

ದೊರೆ ಎದ್ದು ನಿಂತ. "ಯಾರು ಹೇಳಿಕೊಟ್ಟರು?"

"ಅಣ್ಣನೇ, ಬುದ್ಧಿ" ಎಂದ ಜಕ್ಕ. ನಗಾರಿಯ ಕೋಲು ಕೊಟ್ಟವನೂ ಇವನೇ ಎಂದು ಕಾವಲಿನವರು ಆಗ ಬಾಯಿಬಿಟ್ಟರು. ಬೀರಣ್ಣನ ತಲೆ ತೆಗೆಯಿರೆಂದು ದೊರೆ ಗುಡುಗಿದ. ಜಕ್ಕ ಮತ್ತೆ ಬಹಳ ಹೊತ್ತು ಯೋಚಿಸಿದ. ಈ ಸಲ ಯಾರೂ ಅವಸರಪಡಿಸಲಿಲ್ಲ.

"ಬೇಡ ಬುದ್ಧಿ. ಮದುವೆ ಊಟಕ್ಕೆ ಅವನನ್ನೂ ಕೂರಿಸಿ. ಎಲೆ ತುಂಬ ತುಪ್ಪ ಬಡಿಸಿ."

ಹಾಗೇ ಆಯಿತು. ಹೊನ್ನಾದೇವಿ ಆ ಬಟ್ಟಲನ್ನು ಕೆರೆಗೆ ಎಸೆದು ಜಕ್ಕನ ಕೈ ಹಿಡಿದಳು. ಮದುವೆ ಪಂಕ್ತಿಯಲ್ಲಿ ಬೀರಣ್ಣನ ಎಲೆಯಲ್ಲಿ ತುಪ್ಪ ಹರಿದು ನೆಲ ಸೇರಿತು. ಅವನೋ ಕತ್ತು ಚಾಚಿ, ತಮ್ಮನ ಎಲೆಗೆ ಎಷ್ಟು ಬಿದ್ದಿದೆ ಎಂದು ನೋಡುತ್ತಿದ್ದ.